ಎರಡು ಮಾನಿಟರ್ ಹಾಕಿದ ಮೇಲೆ ಡಯಲಾಗ್ ಕಳೆದುಹೋಗುತ್ತಿದೆಯಾ? ವಿಂಡೋಗಳ ಮೇಲೆ-ಕೆಳಗಿನ ಸಾಲನ್ನು ಸರಿಮಾಡುವ ಸಮಗ್ರ ಮಾರ್ಗದರ್ಶಿ

ಒಂದೇ ದೂರು ತಿರುಗಿ ತಿರುಗಿ ಬರುತ್ತಿದೆ. ಒಂದು ಮಾನಿಟರ್ ಇದ್ದಾಗ ಅಪ್ಲಿಕೇಶನ್ ಚೆನ್ನಾಗಿತ್ತು, ಎರಡನೆಯದು ಹಾಕಿದ ಮೇಲೆ ಡಯಲಾಗ್ (ಏನಾದರೂ ಕೇಳಲು ತೆರೆಯುವ ಸಣ್ಣ ವಿಂಡೋ) ಕಾಣುವುದಿಲ್ಲ, ಇಲ್ಲವೇ ಬೇಡದ ವಿಂಡೋ ಮೇಲೆ ಬಂದು ಕೂರುತ್ತದೆ. ಕೋಡ್ ತೆಗೆದು ನೋಡಿದರೆ ಎಲ್ಲರೂ ಮಾಡಿರುವುದು ಒಂದೇ: ಟಾಪ್‌ಮೋಸ್ಟ್ (ವಿಂಡೋ ಯಾವಾಗಲೂ ಉಳಿದವುಗಳ ಮೇಲಿರಲಿ ಅನ್ನುವ ಗುರುತು) ಆನ್ ಮಾಡಿ ಕೈ ತೊಳೆದುಕೊಂಡಿದ್ದಾರೆ. ಟಾಪ್‌ಮೋಸ್ಟ್ ಈ ಕೆಲಸದಲ್ಲಿ ಕೊನೆಗೆ ಬರಬೇಕಾದದ್ದು. ಹಂತಗಳನ್ನು ಇಲ್ಲಿರುವ ಕ್ರಮದಲ್ಲೇ ಮಾಡಿ. ಮಧ್ಯದಲ್ಲಿ ಒಂದನ್ನು ಹಾರಿದರೆ ಮುಂದಿನದು ಕೈ ಕೊಡುತ್ತದೆ.

ಉದಾಹರಣೆಗೆ ನಾನೇ ಕೆಡಿಸಿದ ಒಂದು ಕೆಲಸ ಇಟ್ಟುಕೊಳ್ಳೋಣ. ಮಂಡ್ಯದ ಹತ್ತಿರ ಗಾಡಿ ತೂಗುವ ಒಂದು ವೇಬ್ರಿಡ್ಜ್‌ಗೆ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಒಳಗಿನ ಮಾನಿಟರ್‌ನಲ್ಲಿ ಆಪರೇಟರ್ ಗಾಡಿ ನಂಬರ್ ಹೊಡೆದು ಸ್ಲಿಪ್ ತೆಗೆಯುತ್ತಾನೆ. ಕಿಟಕಿಯ ಕಡೆ ತಿರುಗಿಸಿಟ್ಟ ಎರಡನೇ ಮಾನಿಟರ್‌ನಲ್ಲಿ ಹೊರಗೆ ನಿಂತ ರೈತರಿಗೆ ತೂಕ ದೊಡ್ಡದಾಗಿ ಕಾಣಬೇಕು. ಕಬ್ಬು ಕಡಿಯುವ ಕಾಲದಲ್ಲಿ ಒಂದು ಬೆಳಗ್ಗೆ, ಮೈಸೂರಿನಲ್ಲಿ ಇನ್ನೂ ಕಾಫಿ ಕುಡಿಯುತ್ತಿದ್ದ ನನಗೆ ಫೋನ್ ಬಂತು. "ಸಾ, ಸಿಸ್ಟಂ ಹ್ಯಾಂಗಾಗೋಗೈತೆ, ಎಲ್ ಒತ್ತುದ್ರೂ ಟಂಗ್ ಟಂಗ್ ಅಂತೈತೆ, ಗಾಡಿಗೋಳು ರೋಡ್ಗಂಟ ನಿಂತವೆ."

ಹ್ಯಾಂಗ್ ಆಗಿರಲಿಲ್ಲ. ಖಾಲಿ ಗಾಡಿಯ ತೂಕ ಸರಿಯೇ ಅಂತ ಕೇಳುವ ಡಯಲಾಗನ್ನು ಹಿಂದಿನ ದಿನ ಯಾರೋ ಎರಡನೇ ಮಾನಿಟರ್‌ಗೆ ಎಳೆದಿದ್ದರು. ನನ್ನ ಕೋಡ್ ಆ ಜಾಗವನ್ನು ನೆನಪಿಟ್ಟುಕೊಂಡು ಅಲ್ಲೇ ತೆರೆದಿತ್ತು. ಅಲ್ಲಿ ತೂಕದ ವಿಂಡೋಗೆ ನಾನೇ ಟಾಪ್‌ಮೋಸ್ಟ್ ಕೊಟ್ಟಿದ್ದೆ. ಡಯಲಾಗ್ ಅದರ ಹಿಂದೆ ಸದ್ದಿಲ್ಲದೆ ಕೂತಿತ್ತು, ಮುಖ್ಯ ವಿಂಡೋ ಅದರ ಉತ್ತರಕ್ಕೆ ಕಾಯುತ್ತಿತ್ತು.

ಆ ಟಂಗ್ ಸದ್ದು ಮೊದಲ ಎಚ್ಚರಿಕೆ. ಕ್ಲಿಕ್ ಮಾಡಿದಾಗ ಸದ್ದು ಬಂದು ಏನೂ ಆಗದಿದ್ದರೆ ಆ ವಿಂಡೋ ಸತ್ತಿಲ್ಲ, ಡಿಸೇಬಲ್ ಆಗಿದೆ ಅಷ್ಟೇ. ಎಲ್ಲೋ ಒಂದು ಮೋಡಲ್ ಡಯಲಾಗ್ (ಉತ್ತರ ಕೊಡುವ ತನಕ ಮುಖ್ಯ ವಿಂಡೋ ಮುಟ್ಟಲು ಬಿಡದ ಡಯಲಾಗ್) ಅಡಗಿದೆ ಅಂತ ಅರ್ಥ. ನಿಜವಾಗಿ ಹ್ಯಾಂಗ್ ಆದರೆ ವಿಂಡೋ ಬೆಳ್ಳಗಾಗಿ "ನಾಟ್ ರೆಸ್ಪಾಂಡಿಂಗ್" ಅಂತ ಬರುತ್ತದೆ. ಎರಡೂ ಬೇರೆ ಬೇರೆ ರೋಗ.

ಬೇಕಾದ ಸಾಮಾನು

ಎರಡನೇ ಮಾನಿಟರ್ ನಿಮ್ಮ ಮೇಜಿನ ಮೇಲೇ ಇರಬೇಕು. ಗಿರಾಕಿ ಹತ್ತಿರ ಇದೆ ಅಂತ ಬಿಟ್ಟರೆ ಆಗುವುದಿಲ್ಲ. ಹೊಸದು ಬೇಡ, ಎಚ್‌ಡಿಎಂಐ ಇರುವ ಹಳೇ ಟಿವಿ ಸಾಕು. ಅದನ್ನು ಸೆಟ್ಟಿಂಗ್ಸ್‌ನಲ್ಲಿ ಮುಖ್ಯ ಮಾನಿಟರ್‌ನ ಎಡಕ್ಕೆ ಇಡಿ. ಒಂದರ ಸ್ಕೇಲಿಂಗ್ 100%, ಇನ್ನೊಂದರದು 150% ಇರಲಿ. ಈ ಎರಡು ಬದಲಾವಣೆಯಲ್ಲೇ ಅರ್ಧ ತಪ್ಪು ಹೊರಗೆ ಬೀಳುತ್ತದೆ.

ಜೊತೆಗೆ ವಿಷುಯಲ್ ಸ್ಟುಡಿಯೋ ಜೊತೆ ಬರುವ ಸ್ಪೈ ಪ್ಲಸ್ ಪ್ಲಸ್ ಬೇಕು, ತೆರೆದ ವಿಂಡೋಗಳನ್ನೂ ಅವಕ್ಕೆ ಬರುವ ಮೆಸೇಜ್‌ಗಳನ್ನೂ ತೋರಿಸುವ ಟೂಲ್ ಅದು. ನಿಮ್ಮದು 64 ಬಿಟ್ ಪ್ರೋಗ್ರಾಂ ಆದರೆ ಅದರ 64 ಬಿಟ್ ಆವೃತ್ತಿಯನ್ನೇ ತೆರೆಯಿರಿ, ಇಲ್ಲದಿದ್ದರೆ ಮೆಸೇಜ್‌ಗಳು ಕಾಣುವುದಿಲ್ಲ.

ಮೂರನೆಯದು ನೀವೇ ಬರೆಯಬೇಕಾದ ಇಪ್ಪತ್ತು ಸಾಲಿನ ಫಂಕ್ಷನ್. ಎನಮ್‌ವಿಂಡೋಸ್ ಕರೆದು ವಿಂಡೋಗಳನ್ನು ಮೇಲಿನಿಂದ ಕೆಳಗೆ ಲಾಗ್ ಮಾಡಿ: ಹೆಸರು, ಅದರ ಓನರ್ ಯಾರು (ಅದು ಯಾವ ವಿಂಡೋಗೆ ಸೇರಿದ್ದು), ಟಾಪ್‌ಮೋಸ್ಟ್ ಇದೆಯೇ, ಯಾವ ಮಾನಿಟರ್, ಎಲ್ಲಿಂದ ಎಲ್ಲಿಗೆ. ಇದನ್ನು ಬಟನ್‌ಗೆ ಕಟ್ಟಬೇಡಿ. ಬಟನ್ ಒತ್ತಿದ ಕೂಡಲೇ ಆ ವಿಂಡೋ ಮೇಲೆ ಬಂದು ಸಾಲೇ ಬದಲಾಗುತ್ತದೆ, ಆಮೇಲೆ ನೀವು ನೋಡುವುದು ಬೇರೆಯದೇ ಸಾಲನ್ನು. ಎರಡು ಸೆಕೆಂಡಿಗೊಮ್ಮೆ ಟೈಮರ್‌ನಿಂದ ಬರೆಸಿ.

ಹಂತ 1: ಸಾಲು ಒಂದೇ, ಮಾನಿಟರ್‌ಗೊಂದಲ್ಲ

ಎಡವುವವರು ಬಹುಪಾಲು ಇಲ್ಲೇ ಎಡವುತ್ತಾರೆ. ಪ್ರತಿ ಮಾನಿಟರ್‌ಗೂ ಬೇರೆ ಬೇರೆ ಸಾಲು ಇದೆ ಅಂದುಕೊಂಡಿರುತ್ತಾರೆ. ಇಲ್ಲ. ವಿಂಡೋಸ್‌ನಲ್ಲಿ ಒಂದು ಡೆಸ್ಕ್‌ಟಾಪ್‌ಗೆ ಒಂದೇ ಝೆಡ್-ಆರ್ಡರ್, ಅಂದರೆ ವಿಂಡೋಗಳ ಮೇಲೆ-ಕೆಳಗಿನ ಒಂದೇ ಸಾಲು. ಮಾನಿಟರ್ ನಾಲ್ಕಿದ್ದರೂ ಅಷ್ಟೇ. ಆ ಒಂದು ಸಾಲಿನಲ್ಲಿ ಎರಡು ಪಟ್ಟಿ ಇರುತ್ತದೆ: ಮೇಲಿನದು ಟಾಪ್‌ಮೋಸ್ಟ್ ವಿಂಡೋಗಳದ್ದು, ಕೆಳಗಿನದು ಉಳಿದೆಲ್ಲ ವಿಂಡೋಗಳದ್ದು. ಕೆಳಗಿನ ಪಟ್ಟಿಯವರು ಎಷ್ಟು ಹಾರಿದರೂ ಮೇಲಿನ ಪಟ್ಟಿಯವರನ್ನು ದಾಟಲಾರರು.

ದಸರಾ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಜಂಬೂಸವಾರಿ ನೋಡಲು ನಿಂತ ಜನ ನೆನಪಿಸಿಕೊಳ್ಳಿ. ಅಪ್ಪನ ಹೆಗಲ ಮೇಲೆ ಮಗು ಕೂತಿರುತ್ತದೆ. ಅಪ್ಪ ಮುಂದೆ ಹೋದರೆ ಮಗುವೂ ಮುಂದೆ, ಅಪ್ಪ ಕೂತರೆ ಮಗುವೂ ಕೆಳಗೆ. ಯಾವತ್ತೂ ಅಪ್ಪನ ತಲೆ ಮಗುವಿಗೆ ಅಡ್ಡ ಬರುವುದಿಲ್ಲ. ಇದು ಓನರ್ ಸಂಬಂಧ: ಅಪ್ಪ ಓನರ್ ವಿಂಡೋ, ಮಗು ಅದಕ್ಕೆ ಸೇರಿದ ವಿಂಡೋ. ಟಾಪ್‌ಮೋಸ್ಟ್ ಅಂದರೆ ಮನೆಯಿಂದ ಸ್ಟೂಲ್ ತಂದು ಹತ್ತಿ ನಿಲ್ಲುವುದು. ಒಬ್ಬ ಹತ್ತಿದರೆ ಅವನಿಗೆ ಚೆನ್ನಾಗಿ ಕಾಣುತ್ತದೆ. ಎಲ್ಲರೂ ಹತ್ತಿದರೆ ಮತ್ತೆ ಮೊದಲಿನ ಕಥೆಯೇ, ಅಲ್ವಾ?

ಹಂತ 2: ಯಾರು ಯಾರ ಹೆಗಲ ಮೇಲೆ ಅಂತ ಕಾಗದದ ಮೇಲೆ ಬರೆಯಿರಿ

ಕೋಡ್ ಮುಟ್ಟುವ ಮೊದಲು ನಿಮ್ಮ ಎಲ್ಲ ವಿಂಡೋಗಳನ್ನು ಬರೆದುಕೊಳ್ಳಿ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಮುಖ್ಯ ವಿಂಡೋ ಮಿನಿಮೈಸ್ ಆದರೆ ಇದೂ ಮಾಯವಾಗಬೇಕಾ?

ಹೌದು ಅಂದರೆ ಅದಕ್ಕೆ ಓನರ್ ಬೇಕು. ಖಾಲಿ ತೂಕದ ಡಯಲಾಗ್, ಗಾಡಿ ಹುಡುಕುವ ಪಟ್ಟಿ, ಪ್ರಿಂಟ್ ಸೆಟ್ಟಿಂಗ್ ಎಲ್ಲ ಈ ಗುಂಪು. ಬೇಡ ಅಂದರೆ ಅದು ಸ್ವತಂತ್ರ ವಿಂಡೋ. ರೈತರಿಗೆ ತೂಕ ತೋರಿಸುವ ವಿಂಡೋ ಈ ಗುಂಪು. ನಾನು ಮೊದಲ ಸಲ ಅದಕ್ಕೂ ಓನರ್ ಕೊಟ್ಟಿದ್ದೆ. ಆಪರೇಟರ್ ಯಾವುದೋ ಫೋಟೋ ನೋಡಲು ಮುಖ್ಯ ವಿಂಡೋ ಮಿನಿಮೈಸ್ ಮಾಡಿದ, ಹೊರಗಿನ ತೂಕವೂ ಹೋಯಿತು. ತೂಕದ ಮೇಲೆ ನಿಂತ ಗಾಡಿಯವನಿಗೆ ಏನನ್ನಿಸಿರಬೇಕು ಹೇಳಿ.

ಎರಡು ಮಾನಿಟರ್ ಇದ್ದಾಗ ಓನರ್‌ಗೆ ಇನ್ನೊಂದು ಪರಿಣಾಮವೂ ಇದೆ. ಮೊದಲ ಮಾನಿಟರ್‌ನಲ್ಲಿ ಮುಖ್ಯ ವಿಂಡೋ ಮೇಲೆ ಕ್ಲಿಕ್ ಮಾಡಿದರೆ, ಎರಡನೇ ಮಾನಿಟರ್‌ನಲ್ಲಿರುವ ಅದರ ಹೆಗಲ ಮೇಲಿನ ವಿಂಡೋಗಳೂ ಎದ್ದು ಬರುತ್ತವೆ. ಅಲ್ಲಿ ತೆರೆದಿಟ್ಟಿದ್ದ ಬೇರೆ ಪ್ರೋಗ್ರಾಂ ಅವುಗಳ ಹಿಂದೆ ಮರೆಯಾಗುತ್ತದೆ. ಇದು ಬಗ್ ಅಲ್ಲ, ಸಾಲು ಒಂದೇ ಆಗಿರುವುದರ ಫಲ. ಬೇಡವಾದರೆ ಆ ವಿಂಡೋಗೆ ಓನರ್ ಕೊಡಬೇಡಿ.

ಹಂತ 3: ಓನರನ್ನು ನೀವೇ ಕೊಡಿ, ಊಹೆಗೆ ಬಿಡಬೇಡಿ

ವಿನ್‌ಫಾರ್ಮ್ಸ್‌ನಲ್ಲಿ (ಡಾಟ್‌ನೆಟ್‌ನಲ್ಲಿ ವಿಂಡೋ ಕಟ್ಟುವ ಲೈಬ್ರರಿ) ಡಯಲಾಗ್ ತೆರೆಯುವ ಶೋಡಯಲಾಗ್‌ನ ಬ್ರಾಕೆಟ್ ಖಾಲಿ ಬಿಟ್ಟರೆ, ನಿಮ್ಮ ಪ್ರೋಗ್ರಾಂನಲ್ಲಿ ಆ ಕ್ಷಣದಲ್ಲಿ ಆಕ್ಟಿವ್ ಇರುವ ವಿಂಡೋವನ್ನು ಅದು ಓನರ್ ಅಂದುಕೊಳ್ಳುತ್ತದೆ. ನಿಮ್ಮ ಮೇಜಿನ ಮೇಲೆ ಅದು ಯಾವಾಗಲೂ ಮುಖ್ಯ ವಿಂಡೋ ಆಗಿರುತ್ತದೆ, ಅದಕ್ಕೇ ಟೆಸ್ಟ್‌ನಲ್ಲಿ ಪಾಸಾಗುತ್ತದೆ. ಗಿರಾಕಿಯ ಹತ್ತಿರ ಆ ಕ್ಷಣದಲ್ಲಿ ಬ್ರೌಸರ್ ಮುಂದಿದ್ದು ಡಯಲಾಗ್‌ಗೆ ಓನರೇ ಸಿಗುವುದಿಲ್ಲ, ಅಥವಾ ಎರಡು ಸೆಕೆಂಡಿನಲ್ಲಿ ಮುಚ್ಚುವ ಸಣ್ಣ ಸೂಚನೆ ವಿಂಡೋ ಆಕ್ಟಿವ್ ಆಗಿರುತ್ತದೆ. ಓನರ್ ಮುಚ್ಚಿದರೆ ಅದರ ಮೇಲಿನ ಡಯಲಾಗೂ ಜೊತೆಗೇ ಸಾಯುತ್ತದೆ. "ಡಯಲಾಗ್ ಬಂದು ತಾನೇ ಹೋಯಿತು" ಅನ್ನುವ ದೂರು ಬಂದರೆ ಮೊದಲು ಇದನ್ನೇ ನೋಡಿ.

ಮೆಸೇಜ್‌ಬಾಕ್ಸ್‌ಗೂ ಇದೇ ನಿಯಮ. ಬ್ಯಾಕ್‌ಗ್ರೌಂಡ್ ಥ್ರೆಡ್‌ನಿಂದ ಓನರ್ ಇಲ್ಲದೆ ಕರೆದರೆ ಆ ಥ್ರೆಡ್‌ಗೆ ಆಕ್ಟಿವ್ ವಿಂಡೋ ಅನ್ನುವುದೇ ಇರುವುದಿಲ್ಲ, ಬಾಕ್ಸ್ ಅನಾಥವಾಗಿ ಎಲ್ಲದರ ಹಿಂದೆ ಬೀಳಬಹುದು. ಮೊದಲು ವಿಂಡೋಗಳನ್ನು ನಡೆಸುವ ಯುಐ ಥ್ರೆಡ್‌ಗೆ ಬನ್ನಿ, ಆಮೇಲೆ ಓನರ್ ಹೆಸರು ಹೇಳಿ ತೆರೆಯಿರಿ.

ಬೇರೆ ಲೈಬ್ರರಿ ಬಳಸುವವರಿಗೆ: ಡಬ್ಲ್ಯೂಪಿಎಫ್‌ನಲ್ಲಿ ಓನರ್ ಪ್ರಾಪರ್ಟಿ ಕೊಡಿ. ಆದರೆ ಓನರ್ ವಿಂಡೋ ಒಮ್ಮೆಯಾದರೂ ತೆರೆದಿರಬೇಕು, ಇಲ್ಲದಿದ್ದರೆ ಎಕ್ಸೆಪ್ಶನ್ ಬರುತ್ತದೆ. ಕ್ಯೂಟಿಯಲ್ಲಿ ಡಯಲಾಗ್ ಕಟ್ಟುವಾಗಲೇ ಪೇರೆಂಟ್ ಕೊಡಿ. ಎಲೆಕ್ಟ್ರಾನ್‌ನಲ್ಲಿ ಬ್ರೌಸರ್‌ವಿಂಡೋಗೆ ಪೇರೆಂಟ್ ಆಪ್ಷನ್ ಇದೆ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಓನ್ಡ್ ವಿಂಡೋ ಬೇರೆ, ಚೈಲ್ಡ್ ವಿಂಡೋ ಬೇರೆ. ಚೈಲ್ಡ್ ತನ್ನ ಪೇರೆಂಟ್‌ನ ಚೌಕಟ್ಟು ದಾಟಿ ಕಾಣುವುದೇ ಇಲ್ಲ, ಹಾಗಾಗಿ ಇನ್ನೊಂದು ಮಾನಿಟರ್‌ಗೆ ಎಳೆಯುವ ಮಾತೇ ಬರುವುದಿಲ್ಲ. ಎಳೆದಾಗ ಡಯಲಾಗ್ ಅಂಚಿನಲ್ಲಿ ಕತ್ತರಿಸಿದ ಹಾಗೆ ಕಂಡರೆ ನೀವು ತಪ್ಪು ಬಗೆಯದನ್ನು ಕಟ್ಟಿದ್ದೀರಿ.

ಈ ಹಂತ ಮುಗಿಸಿ ಲಾಗ್ ನೋಡಿ. ಪ್ರತಿ ಡಯಲಾಗ್‌ನ ಓನರ್ ಕಾಲಂನಲ್ಲಿ ಹೆಸರು ಬಂದಿರಬೇಕು. ಖಾಲಿ ಇದ್ದರೆ ಮುಂದೆ ಹೋಗಬೇಡಿ.

ಹಂತ 4: ತಾನಾಗಿ ತೆರೆಯುವ ವಿಂಡೋ ಕೀಬೋರ್ಡ್ ಕಿತ್ತುಕೊಳ್ಳಬಾರದು

ಮೇಲೆ ಬರುವುದು ಒಂದು, ಫೋಕಸ್ ಪಡೆಯುವುದು, ಅಂದರೆ ಕೀಬೋರ್ಡ್‌ನಲ್ಲಿ ಹೊಡೆದದ್ದು ತನಗೆ ಬರುವ ಹಾಗೆ ಮಾಡಿಕೊಳ್ಳುವುದು, ಇನ್ನೊಂದು. ಎರಡನ್ನೂ ಒಂದೇ ಅಂದುಕೊಂಡರೆ ಆಗುವುದು ಇಷ್ಟು: ಆಪರೇಟರ್ ಗಾಡಿ ನಂಬರ್ ಹೊಡೆಯುತ್ತಿದ್ದಾನೆ. ಕೆಎ 11 ಆಯಿತು, ಅಕ್ಷರ ಆಯಿತು, ಇನ್ನು ನಾಲ್ಕು ಅಂಕಿ. ಅಷ್ಟರಲ್ಲಿ ತೂಕದ ಯಂತ್ರದಿಂದ ಹೊಸ ಅಂಕಿ ಬಂದು "ತೂಕ ಸ್ಥಿರವಾಗಿದೆ, ಉಳಿಸಲೇ?" ಅಂತ ವಿಂಡೋ ಎದ್ದಿತು. ಅವನ ಕಣ್ಣು ಆರ್‌ಸಿ ಪುಸ್ತಕದ ಮೇಲಿದೆ. ನಾಲ್ಕು ಅಂಕಿಯೂ ಹೊಸ ವಿಂಡೋಗೆ ಹೋದವು, ಕೊನೆಗೆ ಎಂಟರ್ ಹೊಡೆದ. ಉಳಿಯಿತು. ನಂಬರ್ ಅರ್ಧ, ತೂಕ ಪೂರ್ತಿ.

ಬಳಕೆದಾರ ಕೇಳದೆ ತೆರೆಯುವ ಯಾವ ವಿಂಡೋ ಆದರೂ ಫೋಕಸ್ ಇಲ್ಲದೆ ತೆರೆಯಬೇಕು. ವಿನ್‌ಫಾರ್ಮ್ಸ್‌ನಲ್ಲಿ ಶೋವಿದೌಟ್‌ಆಕ್ಟಿವೇಶನ್ ಓವರ್‌ರೈಡ್ ಮಾಡಿ, ಡಬ್ಲ್ಯೂಪಿಎಫ್‌ನಲ್ಲಿ ಶೋಆಕ್ಟಿವೇಟೆಡ್ ಫಾಲ್ಸ್ ಮಾಡಿ, ಎಲೆಕ್ಟ್ರಾನ್‌ನಲ್ಲಿ ಶೋಇನ್‌ಆಕ್ಟಿವ್ ಕರೆಯಿರಿ. ಲೈಬ್ರರಿ ಇಲ್ಲದೆ ನೇರ ವಿನ್32 (ವಿಂಡೋಸ್‌ನ ಮೂಲ ಫಂಕ್ಷನ್‌ಗಳು) ಬರೆಯುವವರು ಸೆಟ್‌ವಿಂಡೋಪೋಸ್‌ಗೆ ನೋಆಕ್ಟಿವೇಟ್ ಫ್ಲ್ಯಾಗ್ ಸೇರಿಸಿ.

ಹಿಂದೆ ಇರುವ ಪ್ರೋಗ್ರಾಂ ತಾನಾಗಿ ಮುಂದೆ ನುಗ್ಗುವುದನ್ನು ವಿಂಡೋಸ್ ಬೇಕಂತಲೇ ತಡೆಯುತ್ತದೆ. ಸೆಟ್‌ಫೋರ್‌ಗ್ರೌಂಡ್‌ವಿಂಡೋ ಕರೆದರೂ ಟಾಸ್ಕ್‌ಬಾರ್‌ನಲ್ಲಿ ಐಕಾನ್ ಮಿನುಗುತ್ತದೆ ಅಷ್ಟೇ. ಇದನ್ನು ದಾಟಲು ಅಟ್ಯಾಚ್‌ಥ್ರೆಡ್‌ಇನ್‌ಪುಟ್ ಬಳಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಎರಡು ಪ್ರೋಗ್ರಾಂಗಳ ಕೀಬೋರ್ಡ್-ಮೌಸ್ ಸಾಲನ್ನು ಅದು ಗಂಟು ಹಾಕುತ್ತದೆ, ಒಂದು ಸಿಕ್ಕಿಕೊಂಡರೆ ಇನ್ನೊಂದೂ ಸಿಕ್ಕಿಕೊಳ್ಳುತ್ತದೆ. ಗಮನ ಸೆಳೆಯಬೇಕಾದರೆ ಫ್ಲ್ಯಾಶ್‌ವಿಂಡೋಎಕ್ಸ್ ಇದೆ, ಅದು ಸಾಕು.

ಹಂತ 5: ಜಾಗದ ಲೆಕ್ಕ, ಮೈನಸ್ ಸಂಖ್ಯೆಗಳ ಸಮೇತ

ಸಾಲು ಸರಿಯಿದ್ದರೂ ವಿಂಡೋ ಪರದೆಯ ಆಚೆ ತೆರೆದರೆ ಬಳಕೆದಾರನಿಗೆ ಎರಡೂ ಒಂದೇ, ಕಾಣುವುದಿಲ್ಲ. ಮುಖ್ಯ ಮಾನಿಟರ್‌ನ ಎಡಮೇಲಿನ ಮೂಲೆ 0,0. ಅದರ ಎಡಕ್ಕೆ 1920 ಅಗಲದ ಮಾನಿಟರ್ ಇಟ್ಟರೆ ಅದು -1920ರಿಂದ ಶುರುವಾಗುತ್ತದೆ. "ಸೊನ್ನೆಗಿಂತ ಕಡಿಮೆ ಬಂದರೆ ಸೊನ್ನೆ ಮಾಡು" ಅಂತ ಯಾರೋ ಜಾಣರು ಬರೆದಿಟ್ಟ ಸಾಲು ನಿಮ್ಮ ಕೋಡ್‌ನಲ್ಲೂ ಇರಬಹುದು, ಹುಡುಕಿ ತೆಗೆಯಿರಿ. ಮೌಸ್ ಜಾಗವನ್ನು ಮೈನಸ್ ಗುರುತು ಗೊತ್ತಿಲ್ಲದ ಲೋವರ್ಡ್‌ನಿಂದ ತೆಗೆಯುವವರಿಗೂ ಇದೇ ಗತಿ, -100 ಇರಬೇಕಾದ ಕಡೆ 65436 ಬರುತ್ತದೆ. ಗೆಟ್_ಎಕ್ಸ್_ಎಲ್‌ಪ್ಯಾರಮ್ ಬಳಸಿ.

ಮಿನಿಮೈಸ್ ಆದ ವಿಂಡೋ ಜಾಗ ಕೇಳಿದರೆ -32000 ಅಂತ ಉತ್ತರ ಬರುತ್ತದೆ. ಅದನ್ನೇ ಸೆಟ್ಟಿಂಗ್ ಫೈಲ್‌ಗೆ ಬರೆದರೆ ಮರುದಿನ ವಿಂಡೋ ಎಲ್ಲೂ ಸಿಗುವುದಿಲ್ಲ. ಮಿನಿಮೈಸ್ ಆಗಿಲ್ಲ ಅಂತ ನೋಡಿಯೇ ಉಳಿಸಿ. ಮತ್ತೆ ತೆರೆಯುವಾಗ, ಒಂದು ಜಾಗ ಯಾವ ಮಾನಿಟರ್‌ನಲ್ಲಿದೆ ಅಂತ ಹೇಳುವ ಮಾನಿಟರ್‌ಫ್ರಮ್‌ರೆಕ್ಟ್‌ಗೆ ಡಿಫಾಲ್ಟ್‌ಟುನಲ್ ಕೊಟ್ಟು ಕೇಳಿ. ನಲ್ ಬಂದರೆ ಆ ಜಾಗ ಈಗ ಯಾವ ಮಾನಿಟರ್‌ನಲ್ಲೂ ಇಲ್ಲ, ಹಳೆಯದನ್ನು ಬಿಟ್ಟು ಓನರ್‌ನ ಮಧ್ಯದಲ್ಲಿ ತೆರೆಯಿರಿ. ನನ್ನ ಕೇಳಿದರೆ ಮೋಡಲ್ ಡಯಲಾಗ್‌ಗೆ ಜಾಗ ನೆನಪಿಡುವುದೇ ಬೇಡ. ಯಾವಾಗಲೂ ಓನರ್ ಮಧ್ಯದಲ್ಲಿ ಬರಲಿ. ವೇಬ್ರಿಡ್ಜ್‌ನಲ್ಲಿ ಗಾಡಿಗಳು ರೋಡಿನ ತನಕ ನಿಂತಿದ್ದು ಈ ಶೋಕಿಯಿಂದಲೇ.

ಈ ಹಂತದಲ್ಲೇ ಸಾಲನ್ನು ಗೊತ್ತಿಲ್ಲದೆ ಕೆಡಿಸುವ ಒಂದು ತಪ್ಪೂ ಆಗುತ್ತದೆ. ಸೆಟ್‌ವಿಂಡೋಪೋಸ್‌ನ ಎರಡನೇ ಆರ್ಗ್ಯುಮೆಂಟ್ "ಯಾರ ಹಿಂದೆ ಇಡಲಿ" ಅಂತ ಕೇಳುತ್ತದೆ. ಸುಮ್ನೆ ಜಾಗ ಬದಲಿಸೋಣ ಅಂತ ಅಲ್ಲಿ ನಲ್ ಕೊಡುತ್ತಾರೆ. ನಲ್ ಅಂದರೆ 0, ಮೇಲಕ್ಕೆ ತರು ಅನ್ನುವ ಎಚ್‌ಡಬ್ಲ್ಯೂಎನ್‌ಡಿ_ಟಾಪ್‌ನ ಬೆಲೆಯೂ 0. ನೀವು ಪಕ್ಕಕ್ಕೆ ಸರಿಸಿದ್ದು, ವಿಂಡೋ ಎಲ್ಲರ ಮೇಲೆ ಬಂದಿದ್ದು! ಜಾಗ ಅಥವಾ ಅಳತೆ ಮಾತ್ರ ಬದಲಿಸುವಾಗ ನೋಝೆಡ್‌ಆರ್ಡರ್ ಮತ್ತು ನೋಆಕ್ಟಿವೇಟ್ ಎರಡೂ ಫ್ಲ್ಯಾಗ್ ಇರಲೇಬೇಕು.

ಬೇರೆ ಬೇರೆ ಸ್ಕೇಲಿಂಗ್‌ನ ಮಾನಿಟರ್‌ಗಳ ನಡುವೆ ಎಳೆದಾಗ, ಪ್ರತಿ ಮಾನಿಟರ್‌ನ ಸ್ಕೇಲಿಂಗ್ ತಾನೇ ನೋಡಿಕೊಳ್ಳುತ್ತೇನೆ ಅಂತ ಘೋಷಿಸಿದ ಪ್ರೋಗ್ರಾಂಗೆ ಡಿಪಿಐಚೇಂಜ್ಡ್ ಮೆಸೇಜ್ ಬರುತ್ತದೆ, ಹೊಸ ಅಳತೆಯನ್ನು ಸಿಸ್ಟಮ್ಮೇ ಅದರ ಜೊತೆ ಕೊಡುತ್ತದೆ. ಅದನ್ನು ಹಾಗೇ ಬಳಸಿ, ನೀವೇ 1.5ರಿಂದ ಗುಣಿಸಲು ಹೋಗಬೇಡಿ. ಅಲ್ಲೂ ಅದೇ ಎರಡು ಫ್ಲ್ಯಾಗ್.

ಹಂತ 6: ಈಗ ಟಾಪ್‌ಮೋಸ್ಟ್, ಬೇಕೇ ಬೇಕಾದರೆ

ಇಲ್ಲಿಯ ತನಕ ಬಂದವರಲ್ಲಿ ಹೆಚ್ಚಿನವರಿಗೆ ಇದು ಬೇಕಾಗುವುದಿಲ್ಲ. ಬೇಕಿದ್ದರೂ ಒಂದೇ ವಿಂಡೋಗೆ ಕೊಡಿ. ಕೊಡುವ ಮೊದಲು ಮೂರು ವಿಷಯ ಗೊತ್ತಿರಲಿ. ಒಂದು ವಿಂಡೋ ಟಾಪ್‌ಮೋಸ್ಟ್ ಆದರೆ ಅದರ ಹೆಗಲ ಮೇಲಿನವೂ ಟಾಪ್‌ಮೋಸ್ಟ್ ಆಗುತ್ತವೆ. ಅದರ ಓನರ್ ಮಾತ್ರ ಆಗುವುದಿಲ್ಲ. ಆದರೆ ಟಾಪ್‌ಮೋಸ್ಟ್ ತೆಗೆದಾಗ ಓನರ್, ಹೆಗಲ ಮೇಲಿನವು ಎಲ್ಲದರದ್ದೂ ಹೋಗುತ್ತದೆ.

ಹಾಗಾಗಿ ವಿಂಡೋವನ್ನು ಮೇಲೆ ತರಲು "ಟಾಪ್‌ಮೋಸ್ಟ್ ಆನ್, ಮರುಸಾಲಿನಲ್ಲೇ ಆಫ್" ಮಾಡುವ ಪ್ರಸಿದ್ಧ ಉಪಾಯ ಇದೆಯಲ್ಲ, ಅದು ಮೇಲೇ ಇರಬೇಕಿದ್ದ ನಿಮ್ಮ ಟೂಲ್‌ಬಾರನ್ನೂ ಕೆಳಗೆ ಬೀಳಿಸುತ್ತದೆ. "ಟೂಲ್‌ಬಾರ್ ಒಂದೊಂದ್ಸಲ ಹಿಂದೆ ಹೋಗುತ್ತೆ, ಯಾವಾಗ ಅಂತ ಗೊತ್ತಿಲ್ಲ" ಅಂತ ದೂರು ಬಂದರೆ ಕೋಡ್‌ನಲ್ಲಿ ಈ ಜೋಡಿ ಸಾಲು ಹುಡುಕಿ.

ಟೈಮರ್ ಇಟ್ಟು ಪ್ರತಿ ಅರ್ಧ ಸೆಕೆಂಡಿಗೆ ಮೇಲೆ ಬರುವ ಕೋಡ್ ಬರೆಯಬೇಡಿ. ಇನ್ನೊಬ್ಬನೂ ಹಾಗೇ ಬರೆದಿದ್ದರೆ ಎರಡೂ ವಿಂಡೋ ರಾತ್ರಿಯಿಡೀ ಕಿತ್ತಾಡುತ್ತವೆ.

ತೂಕದ ವಿಂಡೋಗೆ ನಾನು ಕೊನೆಗೆ ಟಾಪ್‌ಮೋಸ್ಟ್ ತೆಗೆದೇಬಿಟ್ಟೆ. ಎರಡನೇ ಮಾನಿಟರ್ ಪೂರ್ತಿ ತುಂಬುವ, ಅಂಚಿಲ್ಲದ ಸಾದಾ ವಿಂಡೋ ಸಾಕಾಯಿತು. ಅಲ್ಲಿ ಟಾಸ್ಕ್‌ಬಾರ್ ಕಾಣಬಾರದು ಅಂದರೆ ಎಲ್ಲ ಡಿಸ್‌ಪ್ಲೇಗಳಲ್ಲೂ ಟಾಸ್ಕ್‌ಬಾರ್ ತೋರಿಸುವ ಸೆಟ್ಟಿಂಗ್ ಆಫ್ ಮಾಡಿ.

ಹಂತ 7: ಕರೆಂಟ್ ಹೋಗಿ ಬಂದರೆ?

ನಮ್ಮ ಕಡೆ ಈ ಹಂತ ಬಿಟ್ಟರೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ. ವೇಬ್ರಿಡ್ಜ್‌ನಲ್ಲಿ ಕಂಪ್ಯೂಟರ್ ಮತ್ತು ಒಳಗಿನ ಮಾನಿಟರ್ ಯುಪಿಎಸ್‌ನಲ್ಲಿತ್ತು, ಹೊರಗಿನದು ನೇರ ಕರೆಂಟ್‌ನಲ್ಲಿ. ಕರೆಂಟ್ ಹೋದಾಗ ಹೊರಗಿನದು ಆಫ್ ಆಯಿತು. ಡಿಸ್‌ಪ್ಲೇಪೋರ್ಟ್ ಕೇಬಲ್‌ನಲ್ಲಿ ಹೀಗಾದರೆ ಸಾಮಾನ್ಯವಾಗಿ ವಿಂಡೋಸ್ ಆ ಮಾನಿಟರನ್ನು ಕಿತ್ತೇ ಹಾಕಿದ್ದಾರೆ ಅಂದುಕೊಳ್ಳುತ್ತದೆ. ತೂಕದ ವಿಂಡೋ ಓಡಿ ಬಂದು ಆಪರೇಟರ್ ಪರದೆ ತುಂಬ ಕೂತಿತು. ಆಗ ಅದಿನ್ನೂ ಟಾಪ್‌ಮೋಸ್ಟ್. ಕ್ಲೋಸ್ ಬಟನ್ ಇಲ್ಲ, ಅಂಚಿಲ್ಲ, ಕೆಳಗೆ ಹೋಗುವುದಿಲ್ಲ. ಆಪರೇಟರ್ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ, ಪಾಪ ಇನ್ನೇನು ಮಾಡುತ್ತಾನೆ.

ಡಿಸ್‌ಪ್ಲೇಚೇಂಜ್ ಮೆಸೇಜ್ ಕೇಳಿಸಿಕೊಳ್ಳಿ. ಡಾಟ್‌ನೆಟ್‌ನಲ್ಲಿ ಅದು ಡಿಸ್‌ಪ್ಲೇಸೆಟ್ಟಿಂಗ್ಸ್‌ಚೇಂಜ್ಡ್ ಇವೆಂಟ್, ಕ್ಯೂಟಿಯಲ್ಲಿ ಸ್ಕ್ರೀನ್‌ರಿಮೂವ್ಡ್. ಬಂದ ಕೂಡಲೇ ಏನೂ ಮಾಡಬೇಡಿ. ಮಾನಿಟರ್ ಎದ್ದೇಳುವಾಗ ಎರಡು ಮೂರು ಸಲ ಬರಬಹುದು, ಹಾಗಾಗಿ ಕೊನೆಯದು ಬಂದು ಅರ್ಧ ಸೆಕೆಂಡ್ ಆಗಲಿ. ಆಮೇಲೆ ಇದೇ ಕ್ರಮದಲ್ಲಿ: ಮಾನಿಟರ್‌ಗಳನ್ನು ಹೊಸದಾಗಿ ಎಣಿಸಿ, ತೂಕದ ಮಾನಿಟರ್ ಇಲ್ಲದಿದ್ದರೆ ಆ ವಿಂಡೋವನ್ನು ಅಡಗಿಸಿ, ಇದ್ದರೆ ಮೊದಲು ಅದರ ಜಾಗಕ್ಕೆ ಸರಿಸಿ, ಆಮೇಲೆ ಫೋಕಸ್ ಇಲ್ಲದೆ ತೋರಿಸಿ. ತೋರಿಸಿ ಆಮೇಲೆ ಸರಿಸಿದರೆ ಆಪರೇಟರ್ ಪರದೆಯಲ್ಲಿ ಒಂದು ಕ್ಷಣ ಮಿಂಚಿ ಹೋಗುತ್ತದೆ.

ಮಾನಿಟರನ್ನು "ಡಿಸ್‌ಪ್ಲೇ 2" ಅಂತ ಸಂಖ್ಯೆಯಿಂದ ನೆನಪಿಡಬೇಡಿ, ಕೇಬಲ್ ಬದಲಾದರೆ ಸಂಖ್ಯೆಯೂ ಬದಲಾಗಬಹುದು. ಕ್ವೆರಿಡಿಸ್‌ಪ್ಲೇಕಾನ್‌ಫಿಗ್ ಮೂಲಕ ಸಿಗುವ ಮಾನಿಟರ್ ಡಿವೈಸ್ ಪಾತ್ ಉಳಿಸಿ. ವಿಂಡೋಸ್ 11ರಲ್ಲಿ ಮಾನಿಟರ್ ಕಿತ್ತಾಗ ಅದರ ವಿಂಡೋಗಳನ್ನು ತಾನೇ ಮಿನಿಮೈಸ್ ಮಾಡುವ ಸೆಟ್ಟಿಂಗ್ ಇದೆ. ಅದು ಆನ್ ಇರುವ, ಆಫ್ ಇರುವ ಎರಡೂ ಕಡೆ ನಿಮ್ಮ ಕೋಡ್ ನಡೆಯಬೇಕು.

ಲಿನಕ್ಸ್, ಮ್ಯಾಕ್ ಇರುವವರಿಗೆ ಎರಡು ಮಾತು

ಲಿನಕ್ಸ್‌ನ ಹಳೇ ವಿಂಡೋ ವ್ಯವಸ್ಥೆಯಾದ ಎಕ್ಸ್11ನಲ್ಲಿ ಓನರ್ ಕೆಲಸವನ್ನು ಟ್ರಾನ್ಸಿಯೆಂಟ್‌ಫಾರ್ ಮಾಡುತ್ತದೆ, ಎಕ್ಸ್‌ಪ್ರಾಪ್‌ನಿಂದ ಅದನ್ನು ನೋಡಬಹುದು. ಹೊಸದಾದ ವೇಲ್ಯಾಂಡ್‌ನಲ್ಲಿ ಸಾಮಾನ್ಯ ವಿಂಡೋ ತನ್ನ ಜಾಗ ತಾನು ಹೇಳುವಂತಿಲ್ಲ, ಮನಸ್ಸು ಬಂದಾಗ ಮೇಲೆ ಬರುವಂತೆಯೂ ಇಲ್ಲ. ಅಲ್ಲಿ ಪೇರೆಂಟ್ ಸಂಬಂಧ ಸರಿ ಕೊಟ್ಟು ಉಳಿದದ್ದನ್ನು ಪರದೆಯ ಮೇಲೆ ವಿಂಡೋ ಜೋಡಿಸುವ ಕಂಪೋಸಿಟರ್‌ಗೆ ಬಿಡಬೇಕು. ಮ್ಯಾಕ್‌ನಲ್ಲಿ ಆಡ್‌ಚೈಲ್ಡ್‌ವಿಂಡೋ ಬಳಸಿದರೆ ಪೇರೆಂಟ್ ಎಳೆದಾಗ ಚೈಲ್ಡೂ ಜೊತೆಗೇ ಸರಿಯುತ್ತದೆ. ಎರಡನೇ ಮಾನಿಟರ್‌ನಲ್ಲಿ ಅಲುಗದೆ ಕೂರಬೇಕಾದ ವಿಂಡೋಗೆ ಅದು ಬೇಡ.

ಹಂತ 8: ಕೊಡುವ ಮೊದಲು ಕೈಯಾರೆ ಕೆಡಿಸಿ ನೋಡಿ

ಡಯಲಾಗ್ ತೆರೆದಿರುವಾಗಲೇ ಬೇರೆ ಪ್ರೋಗ್ರಾಂಗೆ ಹೋಗಿ, ಟಾಸ್ಕ್‌ಬಾರ್‌ನಿಂದ ವಾಪಸ್ ಬನ್ನಿ. ಡಯಲಾಗ್ ಮುಖ್ಯ ವಿಂಡೋ ಮೇಲೇ ಇರಬೇಕು. ಮುಖ್ಯ ವಿಂಡೋ ಮಿನಿಮೈಸ್ ಮಾಡಿ, ಹೊರಗಿನ ತೂಕ ಅಲುಗಬಾರದು. ನೋಟ್‌ಪ್ಯಾಡ್‌ನಲ್ಲಿ ಏನಾದರೂ ಟೈಪ್ ಮಾಡುತ್ತಿರುವಾಗ ನಿಮ್ಮ ಪ್ರೋಗ್ರಾಂನ ಸೂಚನೆ ಬರುವ ಹಾಗೆ ಮಾಡಿ, ಒಂದಕ್ಷರವೂ ತಪ್ಪಬಾರದು. ಎರಡನೇ ಮಾನಿಟರ್ ಎಡಕ್ಕೆ, ಮೇಲಕ್ಕೆ ಇಟ್ಟು ಒಂದೊಂದು ಸಲ ತೆರೆದು ಮುಚ್ಚಿ.

ಕೊನೆಗೆ ಎರಡನೇ ಮಾನಿಟರ್‌ನ ಸ್ವಿಚ್ ಗೋಡೆಯಲ್ಲೇ ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ. ಮೋಡಲ್ ಡಯಲಾಗ್ ತೆರೆದಿದ್ದಾಗ ಒಂದು ಸಲ, ಇಲ್ಲದಾಗ ಒಂದು ಸಲ. ಪ್ರೋಗ್ರಾಂ ಶುರುವಾಗುತ್ತಿರುವಾಗ ಇನ್ನೊಂದು ಸಲ. ನನ್ನದು ಮೊದಲೆರಡರಲ್ಲಿ ಪಾಸಾಗಿ ಮೂರನೆಯದರಲ್ಲಿ ಬಿತ್ತು. ತೂಕದ ವಿಂಡೋ ಇನ್ನೂ ಹುಟ್ಟಿರಲೇ ಇಲ್ಲ, ಅದನ್ನು ಅಡಗಿಸಲು ನನ್ನ ಕೋಡ್ ಓಡಿಹೋಗಿತ್ತು.